ಇತ್ರೋನು ಕರೆತಂದ ಕುಟುಂಬ: ಪೂರ್ಣಾವಧಿ ಸೇವೆಯೂ ಗೃಹಸ್ಥ ಜೀವನವೂ

ವಿಮೋಚನಕಾಂಡದ 18ನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ 13ನೆಯ ವಚನದಿಂದ ಬೋಧಿಸುತ್ತೇವೆ. ಮೋಶೆಯು ಬೆಳಗಿನಿಂದ ಸಾಯಂಕಾಲದವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಾನೆ. ಮಾವನಾದ ಇತ್ರೋನು ಅದನ್ನು ಕಂಡು, ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬ ಅಧಿಪತಿಯನ್ನು ನೇಮಿಸುವಂತೆ ಆಲೋಚನೆ ಹೇಳುತ್ತಾನೆ. ಸಭಾ ಆಡಳಿತದ ಪಾಠಕ್ಕೆ ಇಷ್ಟು ಸಾಕು. ಆದರೆ ಇತ್ರೋನು ಅರಣ್ಯಕ್ಕೆ ಬಂದದ್ದು ಆಡಳಿತವನ್ನು ಸುಧಾರಿಸುವುದಕ್ಕಲ್ಲ. ಮೋಶೆಯು ತವರಿಗೆ ಕಳುಹಿಸಿದ್ದ ಚಿಪ್ಪೋರಳನ್ನೂ ಗೇರ್ಷೋಮ, ಎಲೀಯೆಜೆರ ಎಂಬ ಇಬ್ಬರು ಗಂಡುಮಕ್ಕಳನ್ನೂ ಅವನ ಬಳಿಗೆ ತಲುಪಿಸಲು ಅವನು ಬಂದನು. ಮಿಕ್ಕ ಆಲೋಚನೆಯೆಲ್ಲ ಮರುದಿನದ್ದು.

ಅವರನ್ನು ಏಕೆ ಕಳುಹಿಸಲಾಗಿತ್ತೆಂದು ಗ್ರಂಥವು ಹೇಳುವುದಿಲ್ಲ. ಐಗುಪ್ತದ ಅಪಾಯವೇ ಕಾರಣವಾಗಿರಬಹುದು. ಸಮುದ್ರ ದಾಟಿದ ಮೇಲೆ ಮೋಶೆಯು ಅವರಿಗೆ ಕರೆ ಕಳುಹಿಸಿದನೆಂದು ಮಾತ್ರ ಎಲ್ಲಿಯೂ ಓದುವುದಿಲ್ಲ. 7ನೆಯ ವಚನದಲ್ಲಿ ಅವನು ಮಾವನಿಗೆ ನಮಸ್ಕರಿಸುತ್ತಾನೆ, ಮುದ್ದಿಡುತ್ತಾನೆ, ಕ್ಷೇಮವನ್ನು ವಿಚಾರಿಸುತ್ತಾನೆ. ಹೆಂಡತಿ ಮಕ್ಕಳೊಡನೆ ಆಡಿದ ಮಾತು ದಾಖಲಾಗಿಲ್ಲ. ಮಗಳನ್ನು ನಿನ್ನೆ ಒಪ್ಪಿಸಿದ ತಂದೆಯು ಇಂದು ಅಳಿಯನ ದಿನಚರಿಯನ್ನು ಕಾಣುತ್ತಾನೆ. ಈ ಎರಡು ಸಂಗತಿಗಳು ಒಂದೇ ಅಧ್ಯಾಯದಲ್ಲಿ ಅಕ್ಕಪಕ್ಕದಲ್ಲಿರುವುದನ್ನು ಆಕಸ್ಮಿಕವೆಂದು ಎಣಿಸಲಾರೆನು. ಇತ್ರೋನು ಅಳಿಯನಿಗೆ ಸಮಯಪಾಲನೆಯನ್ನು ಬೋಧಿಸಲಿಲ್ಲ, ಇನ್ನೂ ಬೇಗ ಏಳೆಂದು ಹೇಳಲಿಲ್ಲ. ಜನರ ವ್ಯವಸ್ಥೆಯನ್ನೇ ಬದಲಿಸೆಂದನು. ಸೇವೆಗೂ ಸಂಸಾರಕ್ಕೂ ‘ಸಮತೋಲನ’ ಎಂದು ನಾವು ಇಂದು ಆಡುವ ಮಾತು ಹೊಣೆಯನ್ನೆಲ್ಲ ಸಭಾಪಾಲಕನೊಬ್ಬನ ಮೇಲೆ ಹೊರಿಸುತ್ತದೆ. ಈ ಅಧ್ಯಾಯವು ಅದನ್ನು ಸಮುದಾಯದ ಮೇಲೆ ಇರಿಸುತ್ತದೆ.

ತುಮಕೂರು ಸೀಮೆಯ ಸಭೆಗಳಿಗೆ ಈ ಪ್ರಶ್ನೆಯು ಪಿತ್ರಾರ್ಜಿತವಾಗಿ ಬಂದದ್ದು. 1837ರಲ್ಲಿ ಥಾಮಸ್ ಹಾಡ್ಸನ್ನರು ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಕೇಂದ್ರವನ್ನು ತೆರೆದರು. 1839ರಲ್ಲಿ ಅಲ್ಲಿಗೆ ಬಂದ ವಿಲಿಯಂ ಆರ್ಥರ್ ಇಪ್ಪತ್ತು ವರ್ಷದ ಅವಿವಾಹಿತ ತರುಣ. ದೇಹಸ್ಥಿತಿ ಕೆಟ್ಟು 1841ರಲ್ಲೇ ಹಿಂದಿರುಗಬೇಕಾಯಿತು. ವೆಸ್ಲಿಯನ್ನರಲ್ಲಿ ಪರೀಕ್ಷಾವಧಿಯ ಬೋಧಕರು ವಿವಾಹವಾಗುವಂತಿರಲಿಲ್ಲ. ದೀಕ್ಷೆ ಪಡೆದವರೂ ಒಂದೆಡೆ ಬೇರೂರುವಂತಿರಲಿಲ್ಲ. ಈ ಶಿಸ್ತಿನ ಹಿಂದೆ ಜಾನ್ ವೆಸ್ಲಿಯ ಒಂದು ನಿಲುವಿದೆ: ವಿವಾಹವಾದ ಬೋಧಕನು ಅವಿವಾಹಿತನಿಗಿಂತ ಒಂದು ಪ್ರಸಂಗವನ್ನಾಗಲಿ ಒಂದು ದಿನದ ಪ್ರಯಾಣವನ್ನಾಗಲಿ ಕಡಮೆ ಮಾಡಬಾರದು. ತಾನು 1751ರಲ್ಲಿ ವಿವಾಹವಾದ ಮೇಲೂ ಅವರು ಹಾಗೆಯೇ ನಡೆದರು. ಪತ್ನಿಯು ಅವರನ್ನು ಬಿಟ್ಟುಹೋದರು. 1781ರಲ್ಲಿ ಆಕೆ ತೀರಿಕೊಂಡ ಸುದ್ದಿಯು ಸಮಾಧಿಯಾದ ಮೇಲೆ ಅವರಿಗೆ ತಲುಪಿತು. ವೆಸ್ಲಿಯ ಸೇವೆಗೆ ಋಣಿಗಳಾದ ನಾವು ಈ ಒಂದು ವಿಷಯದಲ್ಲಿ ಅವರನ್ನು ಮಾದರಿಯೆನ್ನಲಾಗದು. 1947ರಲ್ಲಿ ದಕ್ಷಿಣ ಭಾರತ ಸಭೆಯು ರೂಪುಗೊಂಡಾಗ ಮೈಸೂರು ಸೀಮೆಯ ಮೆಥೊಡಿಸ್ಟ್ ಸಭೆಗಳು ಅದರಲ್ಲಿ ಸೇರಿದವು; ವರ್ಗಾವಣೆಯ ಪದ್ಧತಿಯೂ ಜೊತೆಯಲ್ಲೇ ಬಂದಿತು.

ಇದಕ್ಕೆ ಊರಿನ ಒಂದು ಕಾರಣವೂ ಕೂಡಿದೆ. ತುಮಕೂರಿನವರಿಗೆ ‘ಧರ್ಮಗುರು’ ಎಂದೊಡನೆ ಕಣ್ಣಮುಂದೆ ನಿಲ್ಲುವುದು ಸಿದ್ಧಗಂಗೆಯ ವಿರಕ್ತ ಪರಂಪರೆ. ಸಾವಿರಾರು ಮಕ್ಕಳ ಅನ್ನ ವಿದ್ಯೆಗಳನ್ನು ನಡೆಸಿದ ಶಿವಕುಮಾರ ಸ್ವಾಮಿಗಳಿಗೆ (1907–2019) ತಮ್ಮದೆಂಬ ಸಂಸಾರವಿರಲಿಲ್ಲ. ಆ ಗೌರವವು ಯೋಗ್ಯವಾದದ್ದೇ. ಆದರೆ ವಿರಕ್ತನ ಬೆನ್ನಿಗೆ ಒಂದು ಮಠವೇ ಇರುತ್ತದೆ: ದಾಸೋಹ, ಪರಿಚಾರಕರು, ಭಕ್ತರು. ನಮ್ಮ ಸಭೆಗಳು ವಿರಕ್ತನ ಅಳತೆಗೋಲನ್ನು ಮಾತ್ರ ಎರವಲು ತಂದು ಗೃಹಸ್ಥನಿಗೆ ಹಿಡಿಯುತ್ತವೆ. ಮಠದ ಕೆಲಸವನ್ನು ಅವನ ಹೆಂಡತಿಗೆ ಬಿಡುತ್ತವೆ. ಅತಿಥಿಗಳ ಊಟ, ಭಾನುವಾರದ ಶಾಲೆ, ಸ್ತ್ರೀಯರ ಕೂಟ ಇವಾವುವೂ ನೇಮಕಪತ್ರದಲ್ಲಿ ಇರುವುದಿಲ್ಲ. (ದಕ್ಷಿಣ ಭಾರತ ಸಭೆಯು 1976ರಿಂದ ಸ್ತ್ರೀಯರಿಗೂ ದೀಕ್ಷೆ ಕೊಡುತ್ತಿದೆ. ಆದರೆ ಸಭಾಪಾಲಕಿಯ ಪತಿಯು ಅತಿಥಿಗಳಿಗೆಲ್ಲ ಅಡುಗೆ ಮಾಡಲೆಂದು ಯಾವ ಸಭೆಯೂ ನಿರೀಕ್ಷಿಸಿದ್ದನ್ನು ನಾನು ಕೇಳಿಲ್ಲ.)

1 ತಿಮೊಥೆ 3:4-5ನ್ನು ಸಭಾಪಾಲಕರ ಮಕ್ಕಳನ್ನು ಗದರಿಸುವ ವಚನವಾಗಿ ಬಳಸುವುದುಂಟು. ಮೂಲವನ್ನು ನೋಡಬೇಕು. ಮನೆಯ ಕುರಿತು ಪೌಲನು ‘ಪ್ರೊಇಸ್ತೇಮಿ’ ಎನ್ನುತ್ತಾನೆ, ಅಂದರೆ ಮುಂದೆ ನಿಂತು ನಡೆಸುವುದು. ಸಭೆಯ ಕುರಿತು ಹೇಳುವಾಗ ಅದೇ ಪದವನ್ನು ಮತ್ತೆ ಬಳಸದೆ ‘ಎಪಿಮೆಲೆಯೊಮೈ’ ಎಂಬುದಕ್ಕೆ ತಿರುಗುತ್ತಾನೆ. ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದವು ಕಾಣುವ ಮತ್ತೊಂದೇ ಸ್ಥಳ ಲೂಕ 10:34-35, ಸಮಾರ್ಯದವನು ಗಾಯಗೊಂಡವನನ್ನು ಆರೈಕೆ ಮಾಡಿದ ಸಂದರ್ಭ. ಹಾಗಾದರೆ ಮನೆಯಲ್ಲಿ ಪರೀಕ್ಷೆಗೊಳಗಾಗುವುದು ಅಧಿಕಾರವಲ್ಲ, ಆರೈಕೆಯ ಸಾಮರ್ಥ್ಯ. ಮಕ್ಕಳನ್ನು ಮೊದಲ ಬೆಂಚಿನಲ್ಲಿ ಅಲುಗದಂತೆ ಕೂರಿಸುವುದರಿಂದ ಅದು ರುಜುವಾತಾಗುವುದಿಲ್ಲ. 1 ಕೊರಿಂಥ 7:32-34ನ್ನು ಮುಂದಿಡುವವರು ಅದೇ ಪತ್ರಿಕೆಯ 9:5ನ್ನೂ ಓದಬೇಕು: ಕೇಫನು ಪತ್ನೀಸಮೇತ ಸಂಚರಿಸುವುದನ್ನು ಪೌಲನು ಅಪೊಸ್ತಲರ ಹಕ್ಕೆಂದೇ ಎಣಿಸುತ್ತಾನೆ.

ಗೇರ್ಷೋಮನ ಮನೆತನದ ಗತಿಯೂ ಗ್ರಂಥದಲ್ಲಿದೆ. ನ್ಯಾಯಸ್ಥಾಪಕರು 18:30ರಲ್ಲಿ ದಾನ್ಯರ ವಿಗ್ರಹಕ್ಕೆ ಯಾಜಕನಾಗಿ ನಿಲ್ಲುವ ಯೋನಾತಾನನು ಗೇರ್ಷೋಮನ ವಂಶದವನು. ಹೀಬ್ರೂ ಲಿಪಿಕಾರರು ಮೋಶೆಯ ಹೆಸರಿನೊಳಗೆ ‘ನೂನ್’ ಅಕ್ಷರವನ್ನು ಸಾಲಿನ ಮೇಲಕ್ಕೆ ಎತ್ತಿ ಬರೆದು, ಅದನ್ನು ‘ಮನಸ್ಸೆ’ ಎಂದು ಓದುವಂತೆ ಮಾಡಿದರು. ಮುಚ್ಚಬೇಕೆಂದವರೂ ಪೂರ್ತಿಯಾಗಿ ಮುಚ್ಚಲಿಲ್ಲ.

ಈಗ ನಮ್ಮ ಭಾನುವಾರಕ್ಕೆ ಬರೋಣ. ಗುಬ್ಬಿಯು ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು, ಕುಣಿಗಲ್ ದಕ್ಷಿಣಕ್ಕೆ ಸುಮಾರು 35. ತುಮಕೂರಿನಲ್ಲಿ ನೆಲೆಸಿ ಮೂರು ಕಡೆಯೂ ಆರಾಧನೆ ನಡೆಸಬೇಕಾದವನು ಒಂದೇ ದಿನ ನೂರು ಕಿಲೋಮೀಟರನ್ನು ಮೀರುತ್ತಾನೆ. ಮನೆ ಸೇರುವಾಗ ಮಕ್ಕಳು ಮಲಗಿರುತ್ತಾರೆ. ಸೋಮವಾರ ಬಿಡುವೆಂದರೆ ಒಂದು ಸಾವಿನ ಸುದ್ದಿ ಬರುತ್ತದೆ. ಸಾವಿಗೆ ಹೋಗಲೇಬೇಕು, ಅದರಲ್ಲಿ ವಾದವಿಲ್ಲ. ಆದರೆ ಕುಣಿಗಲ್ಲಿನ ವಾಕ್ಯಸೇವೆಯನ್ನು ತಿಂಗಳಿಗೆರಡು ಬಾರಿ ತರಬೇತಿ ಪಡೆದ ಸಭಾಹಿರಿಯರು ಏಕೆ ವಹಿಸಬಾರದು? ಮನೆಗೂಟಗಳಿಗೆಲ್ಲ ಅಯ್ಯನವರೇ ಬರಬೇಕೆಂಬ ಹಟವೇಕೆ? ವಾರದ ಬಿಡುವನ್ನು ಸಭಾಸಮಿತಿಯ ನಡವಳಿ ಪುಸ್ತಕದಲ್ಲಿ ನಮೂದಿಸಿ, ಸಾವಿನ ಕಾರಣ ಅದು ತಪ್ಪಿದರೆ ಬೇರೊಂದು ದಿನವನ್ನು ಕೊಡಲಿ. ಎಸ್.ಎಸ್.ಎಲ್.ಸಿ. ವರ್ಷದ ಮಗುವಿರುವ ಮನೆಯನ್ನು ಶಾಲೆ ನಡೆಯುತ್ತಿರುವಾಗ ಎತ್ತಿಸದಿರಲಿ. ಇವನ್ನು ಕೇಳಲು ಸಭಾಪಾಲಕನಿಗೆ ಸಂಕೋಚವಾಗುವುದು ಸಹಜ. ತಿರುಗಿ ಕರೆತರುವ ಮಾತನ್ನು ಮೋಶೆಯೂ ಎತ್ತಲಿಲ್ಲ. ಅದನ್ನು ಎತ್ತಬೇಕಾದವರು ಸಭೆಯ ಹಿರಿಯರು.