ಯಂತ್ರಮಾನವ ಜೋಡಣಾ ಕಿಟ್: ಪೆಟ್ಟಿಗೆ ಮಾರಿದಲ್ಲಿಗೆ ವ್ಯಾಪಾರ ಮುಗಿಯದು

ಅಡಿಕೆಯ ಧಾರಣೆಗೂ ಮಲೆನಾಡಿನ ಪೇಟೆಗೂ ಇರುವ ನಂಟು ಹೊಸದೇನಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಚಾಲಿ, ರಾಶಿಯ ದರ ಏರಿದ ವರ್ಷ ಬಟ್ಟೆ, ಬಂಗಾರ, ವಾಹನದ ಅಂಗಡಿಗಳು ತುಂಬುತ್ತವೆ. ದರ ಕುಸಿದ ವರ್ಷ ಉದ್ರಿ ಪುಸ್ತಕದ ಪುಟಗಳು ತುಂಬುತ್ತವೆ. ಈ ಏರಿಳಿತದ ನಡುವೆಯೂ ಪಾಲಕರು ಕೈಬಿಡದ ಖರ್ಚೊಂದಿದೆ. ಅದು ಮಕ್ಕಳ ವಿದ್ಯೆಯ ಖರ್ಚು. ಪುಸ್ತಕ, ಟ್ಯೂಷನ್, ಗಣಕಯಂತ್ರ ತರಬೇತಿಗಳ ಸಾಲಿಗೆ ಇತ್ತೀಚಿನ ವರ್ಷಗಳಲ್ಲಿ ಸೇರಿರುವ ಹೊಸ ಸರಕು ಯಂತ್ರಮಾನವ ಜೋಡಣಾ ಕಿಟ್.

ಒಂದು ಪೆಟ್ಟಿಗೆ, ಅದರೊಳಗೆ ತೂತುಗಳುಳ್ಳ ಪಟ್ಟಿಗಳು, ಸ್ಕ್ರೂ, ನಟ್ಟು, ಹಲ್ಲುಚಕ್ರಗಳು, ಬೆರಳಗಾತ್ರದ ಒಂದೆರಡು ಮೋಟಾರು, ಸೆಲ್ ಕೂರಿಸುವ ಗೂಡು. ಕೆಲವು ನೂರು ರೂಪಾಯಿಗಳಿಂದ ಹಿಡಿದು ಹಲವು ಸಾವಿರ ರೂಪಾಯಿಗಳವರೆಗೆ ಬೆಲೆಯ ಕಿಟ್‌ಗಳು ಮಾರುಕಟ್ಟೆಯಲ್ಲಿವೆ. ಹುಟ್ಟುಹಬ್ಬಕ್ಕೋ ರಜೆಗೋ ಮನೆಗೆ ಬರುವ ಈ ಪೆಟ್ಟಿಗೆ ಮೊದಲ ಸಂಜೆ ಮನೆಮಂದಿಯನ್ನೆಲ್ಲ ಜಗುಲಿಗೆ ಸೇರಿಸುತ್ತದೆ. ಎರಡನೆಯ ಸಂಜೆ ಒಂದು ನಟ್ಟು ಕಳೆದಿರುತ್ತದೆ, ಚಕ್ರ ತಿರುಗದೆ ನಿಂತಿರುತ್ತದೆ. ಆ ಎರಡನೆಯ ಸಂಜೆಯನ್ನು ದಾಟಿದ ಕಿಟ್ ಮಗುವಿನ ಕೈಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ದಾಟದ್ದು ಅಟ್ಟ ಸೇರುತ್ತದೆ. ಪಾಲಕರಿಗೂ ವರ್ತಕರಿಗೂ ವಿಚಾರ ಮಾಡಬೇಕಾದ ಸಂಗತಿ ಇಲ್ಲಿದೆ.

ಗುಮಾಸ್ತನೊಬ್ಬನ ಮನೆಯಲ್ಲಿ ಹುಟ್ಟಿದ ಉದ್ಯಮ

ಈ ಬಗೆಯ ಆಟಿಕೆಯ ಮೂಲವನ್ನು ಹುಡುಕಿದರೆ ಸಿಗುವುದು ಒಬ್ಬ ತಂದೆ ಮತ್ತು ಅವನ ಮಕ್ಕಳು. ಇಂಗ್ಲೆಂಡಿನ ಲಿವರ್‌ಪೂಲ್ ಬಂದರು ನಗರದಲ್ಲಿ ಮಾಂಸ ಆಮದು ಮಾಡುವ ವ್ಯಾಪಾರಿ ಸಂಸ್ಥೆಯೊಂದರಲ್ಲಿ ಗುಮಾಸ್ತನಾಗಿದ್ದ ಫ್ರಾಂಕ್ ಹಾರ್ನ್‌ಬಿ, ತನ್ನ ಮಕ್ಕಳಿಗಾಗಿ ಲೋಹದ ತಗಡನ್ನು ಪಟ್ಟಿಗಳಾಗಿ ಕತ್ತರಿಸಿ, ಅರ್ಧ ಅಂಗುಲಕ್ಕೊಂದರಂತೆ ತೂತು ಕೊರೆದು, ನಟ್ಟು ಬೋಲ್ಟುಗಳಿಂದ ಬಿಗಿದು ಆಟಿಕೆಗಳನ್ನು ಕಟ್ಟಿದನು. 1901ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. 1907ರಲ್ಲಿ 'ಮೆಕಾನೋ' ಎಂಬ ಹೆಸರು ಬಂದಿತು. ಒಂದೇ ಪಟ್ಟಿಯನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಬಳಸಬಹುದು, ಬಿಡಿಭಾಗವನ್ನು ಪ್ರತ್ಯೇಕವಾಗಿ ಕೊಳ್ಳಬಹುದು ಎಂಬುದೇ ಆ ಸರಕಿನ ಬಲವಾಗಿತ್ತು. ಭಾರತದಲ್ಲಿ 'ಮೆಕ್ಯಾನಿಕ್ಸ್' ಹೆಸರಿನ ಲೋಹದ ಕಿಟ್‌ಗಳನ್ನು ಆಡಿ ಬೆಳೆದವರು ಇಂದು ಮಕ್ಕಳ ತಂದೆತಾಯಿಗಳಾಗಿದ್ದಾರೆ.

1998ರಲ್ಲಿ ಡೆನ್ಮಾರ್ಕಿನ ಲೆಗೋ ಕಂಪನಿಯು 'ಮೈಂಡ್‌ಸ್ಟಾರ್ಮ್ಸ್' ಎಂಬ ಕಿಟ್ಟನ್ನು ಹೊರತಂದು, ಮೋಟಾರಿನ ಜೊತೆಗೆ ಪುಟ್ಟ ಗಣಕವನ್ನೂ ಜೋಡಿಸಿತು. ಶಿಕ್ಷಣತಜ್ಞ ಸೀಮೋರ್ ಪೇಪರ್ಟ್ 1980ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಆ ಹೆಸರನ್ನು ಪಡೆಯಲಾಗಿತ್ತು. ಜಗತ್ಪ್ರಸಿದ್ಧವಾಗಿದ್ದ ಈ ಸರಕಿನ ತಯಾರಿಕೆಯನ್ನು ಕಂಪನಿಯು 2022ರ ಕೊನೆಯಲ್ಲಿ ನಿಲ್ಲಿಸಿತು. ಕಂಪನಿ ಎಷ್ಟೇ ದೊಡ್ಡದಿರಲಿ, ಅದರ ಭಾಗಗಳನ್ನೇ ನೆಚ್ಚಿಕೊಂಡ ಕಿಟ್‌ಗೆ ಆಯುಷ್ಯದ ಮಿತಿ ಇದೆ ಎಂಬುದಕ್ಕೆ ಇದೊಂದು ಪಾಠ. ಸಾಮಾನ್ಯ ಅಳತೆಯ ಸ್ಕ್ರೂ, ಎಲ್ಲೆಡೆ ದೊರೆಯುವ ಪೆನ್ಸಿಲ್ ಸೆಲ್, ಬೇರೆ ಕಡೆಯೂ ಸಿಗುವ ಮೋಟಾರು ಇರುವ ಕಿಟ್ಟನ್ನು ಆರಿಸುವುದು ಸಣ್ಣ ಊರುಗಳಿಗೆ ಹೆಚ್ಚು ಹಿತಕರ.

ಆಲೆಮನೆಯ ಲೆಕ್ಕವೇ ಇಲ್ಲಿಯೂ

ಕಿಟ್ಟಿನೊಳಗಿನ ವಿದ್ಯೆ ಈ ಸೀಮೆಗೆ ಅಪರಿಚಿತವಲ್ಲ. ಜೋನಿಬೆಲ್ಲಕ್ಕೆ ಹೆಸರಾದ ಸಿದ್ದಾಪುರದ ಕಡೆಯ ಆಲೆಮನೆಗಳಲ್ಲಿ ಎಂಜಿನ್ನಿನ ಸಣ್ಣ ಪುಲ್ಲಿಯಿಂದ ಗಾಣದ ದೊಡ್ಡ ಚಕ್ರಕ್ಕೆ ಬೆಲ್ಟು ಹಾಕುವುದನ್ನು ಮಕ್ಕಳು ಕಂಡೇ ಇರುತ್ತಾರೆ. ಎಂಜಿನ್ ಭರದಿಂದ ತಿರುಗುತ್ತದೆ, ಗಾಣ ನಿಧಾನವಾಗಿ ತಿರುಗುತ್ತದೆ. ಆದರೆ ಕಬ್ಬನ್ನು ಹಿಂಡುವ ಬಲ ಗಾಣಕ್ಕಿರುತ್ತದೆ. ವೇಗವನ್ನು ಬಿಟ್ಟುಕೊಟ್ಟು ಬಲವನ್ನು ಪಡೆಯುವ ಈ ವ್ಯವಹಾರವೇ ಕಿಟ್ಟಿನ ಹಲ್ಲುಚಕ್ರಗಳಲ್ಲಿಯೂ ನಡೆಯುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮೋಟಾರು ನಿಮಿಷಕ್ಕೆ 5,000 ಸುತ್ತು ತಿರುಗುತ್ತದೆ ಎನ್ನೋಣ. ಅದರ ತುದಿಯ 8 ಹಲ್ಲಿನ ಚಕ್ರವು 40 ಹಲ್ಲಿನ ಚಕ್ರವನ್ನು ತಿರುಗಿಸಿದರೆ ಸುತ್ತು 1,000ಕ್ಕೆ ಇಳಿಯುತ್ತದೆ. ಇಂಥದೇ ಇನ್ನೊಂದು ಜೋಡಿ ಸೇರಿಸಿದರೆ 200 ಆಗುತ್ತದೆ. ಘರ್ಷಣೆಯ ನಷ್ಟವನ್ನು ಬಿಟ್ಟರೆ ತಿರುಗಿಸುವ ಬಲ 25 ಪಟ್ಟು ಹೆಚ್ಚುತ್ತದೆ. ಇದಕ್ಕೆ 5 ಸೆಂ.ಮೀ. ವ್ಯಾಸದ ಗಾಲಿ ಜೋಡಿಸಿದರೆ ಒಂದು ಸುತ್ತಿಗೆ ಸುಮಾರು 15.7 ಸೆಂ.ಮೀ., ಅಂದರೆ ನಿಮಿಷಕ್ಕೆ ಸುಮಾರು 31 ಮೀಟರ್ ದೂರ ಕ್ರಮಿಸಬೇಕು. ಮಗುವೇ ಅಂಗಳದಲ್ಲಿ ಟೇಪು ಹಿಡಿದು ಅಳೆದು, ಲೆಕ್ಕಕ್ಕಿಂತ ಕಡಿಮೆ ಬಂದಾಗ ಕಾರಣ ಹುಡುಕತೊಡಗಿದರೆ ಗಣಿತದ ಪಾಠ ತಾನಾಗಿಯೇ ಮುಂದುವರಿಯುತ್ತದೆ. ಎರಡು ಮೋಟಾರುಗಳಿರುವ ಗಾಡಿಯಲ್ಲಿ ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಗಿಸಿದರೆ ಗಾಡಿ ನಿಂತಲ್ಲೇ ತಿರುಗುತ್ತದೆ. ಚುಕ್ಕಾಣಿ ಇಲ್ಲದೆ ದಿಕ್ಕು ಬದಲಿಸುವ ಈ ಉಪಾಯ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಸೋಜಿಗ ತರುವ ಸಂಗತಿ.

ಸ್ಕ್ರೂಡ್ರೈವರ್ ಯಾರ ಕೈಯಲ್ಲಿ?

ಹೆಚ್ಚಿನ ಮನೆಗಳಲ್ಲಿ ಕಿಟ್ ಸೋಲುವುದು ತಾಂತ್ರಿಕ ದೋಷದಿಂದಲ್ಲ. ತಂದೆ ಮೊದಲು 'ಹೀಗೆ ಮಾಡಬೇಕು' ಎಂದು ತೋರಿಸಲು ಸ್ಕ್ರೂಡ್ರೈವರ್ ಹಿಡಿಯುತ್ತಾನೆ. ಅರ್ಧ ಗಂಟೆ ಕಳೆದಾಗ ತಂದೆ ಜೋಡಿಸುತ್ತಿರುತ್ತಾನೆ, ಮಗು ನೋಡುತ್ತಿರುತ್ತದೆ. ಗಾಡಿ ಓಡಿದರೂ ಅದು ಮಗುವಿನದಾಗುವುದಿಲ್ಲ. ಕೆಟ್ಟಾಗ ಬಿಚ್ಚುವ ಧೈರ್ಯವೂ ಬರುವುದಿಲ್ಲ.

ಹಿರಿಯರ ಕೆಲಸ ಬೇರೆಯದು. ಭಾಗಗಳನ್ನು ತಟ್ಟೆಯಲ್ಲಿ ವಿಂಗಡಿಸಿ ಇಡುವುದು, ಚಿತ್ರವನ್ನು ಒಟ್ಟಿಗೆ ಓದುವುದು, ತಪ್ಪಾದಾಗ ಉತ್ತರ ಹೇಳದೆ ಪ್ರಶ್ನೆ ಕೇಳುವುದು. "ಅಪ್ಪಯ್ಯ, ಇದು ಹಿಂದೆ ಹೋಗ್ತು" ಎಂದು ಮಗಳು ಹೇಳಿದರೆ, "ಯಾವ ವಯರ್ ಎಲ್ಲಿಗೆ ಹಾಕಿದ್ದೆ ನೋಡು" ಎಂದರೆ ಸಾಕು. ಎರಡು ತಂತಿಗಳನ್ನು ಅದಲುಬದಲು ಮಾಡಿದಾಗ ಗಾಡಿ ಮುಂದೆ ಸಾಗುತ್ತದೆ. ವಿದ್ಯುತ್ ಪ್ರವಾಹದ ದಿಕ್ಕು ಬದಲಾದರೆ ಇಂಥ ಮೋಟಾರಿನ ದಿಕ್ಕೂ ಬದಲಾಗುತ್ತದೆ ಎಂಬುದನ್ನು ಆ ಮಗು ಮರೆಯುವುದಿಲ್ಲ.

ಸಾಮಾನ್ಯವಾಗಿ ಎದುರಾಗುವ ತೊಂದರೆಗಳು ಬೆರಳೆಣಿಕೆಯಷ್ಟು. ಅಚ್ಚಿನ ಪಕ್ಕದ ಸ್ಕ್ರೂವನ್ನು ವಿಪರೀತ ಬಿಗಿದರೆ ಗಾಲಿ ತಿರುಗುವುದಿಲ್ಲ. ಕಾಲು ಸುತ್ತು ಸಡಿಲಿಸಬೇಕು. ಹಲ್ಲುಚಕ್ರಗಳು ದೂರವಿದ್ದರೆ ಜಾರುತ್ತವೆ, ತೀರಾ ಒತ್ತಿಕೊಂಡರೆ ಸಿಕ್ಕಿಕೊಳ್ಳುತ್ತವೆ. ಮಾಮೂಲಿ ಸೆಲ್ ಒಂದರ ಒತ್ತಡ 1.5 ವೋಲ್ಟ್, ಮರುಚಾರ್ಜ್ ಮಾಡುವ ನಿಕ್ಕಲ್ ಸೆಲ್ಲಿನದು 1.2 ವೋಲ್ಟ್. ಆದ್ದರಿಂದ ನಾಲ್ಕು ಸೆಲ್ ಹಾಕುವಲ್ಲಿ 6 ವೋಲ್ಟಿನ ಬದಲು 4.8 ವೋಲ್ಟ್ ದೊರೆತು ಗಾಡಿ ತುಸು ನಿಧಾನವಾಗುತ್ತದೆ. ಅದು ದೋಷವಲ್ಲ.

ಮಲೆನಾಡಿಗೇ ವಿಶಿಷ್ಟವಾದ ತೊಂದರೆ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಸೆಲ್ಲಿನ ಗೂಡಿನ ಲೋಹದ ಪಟ್ಟಿಗಳು ಕಿಲುಬು ಹಿಡಿಯುತ್ತವೆ, ಸ್ಕ್ರೂಗಳು ತುಕ್ಕಾಗುತ್ತವೆ. ಮೋಟಾರು ಸುಟ್ಟಿದೆಯೆಂದು ಎಸೆಯುವ ಮೊದಲು ಆ ಪಟ್ಟಿಗಳನ್ನು ಉಪ್ಪುಕಾಗದದಿಂದ ಉಜ್ಜಿ ನೋಡುವುದು ಲೇಸು. ಆಟ ಮುಗಿದ ಮೇಲೆ ಸೆಲ್ ತೆಗೆದಿಟ್ಟು, ಕಿಟ್ಟನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇರಿಸಿದರೆ ಬಾಳಿಕೆ ಹೆಚ್ಚುತ್ತದೆ. ಸಣ್ಣ ಭಾಗಗಳು ಮತ್ತು ಗುಂಡಿಯಾಕಾರದ ಸೆಲ್‌ಗಳು ಮನೆಯ ಹಸುಗೂಸುಗಳ ಕೈಗೆ ಎಟುಕದಂತೆ ಎಚ್ಚರ ವಹಿಸುವುದು ಅತ್ಯಗತ್ಯ.

ವರ್ತಕರು ತಿಳಿದಿರಬೇಕಾದ ನಿಯಮಗಳು

ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 2020ರಲ್ಲಿ ಹೊರಟು, 2021ರ ಜನವರಿ 1ರಿಂದ ಜಾರಿಯಾಗಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತು ಕಡ್ಡಾಯ. ವಿದ್ಯುತ್ ಆಟಿಕೆಗಳ ಸುರಕ್ಷತೆಗೆ ಐಎಸ್ 15644 ಎಂಬ ಮಾನಕ ಅನ್ವಯಿಸುತ್ತದೆ. ಗುರುತಿಲ್ಲದ ಸರಕನ್ನು ಮಾರುವುದೂ ಅಪರಾಧವಾಗಿದ್ದು, 2016ರ ಬಿಐಎಸ್ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಎರಡು ವರ್ಷದವರೆಗಿನ ಸೆರೆವಾಸ ಅಥವಾ ಕನಿಷ್ಠ 2 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. ಪೆಟ್ಟಿಗೆಯ ಮೇಲಿನ ಗುರುತು ಮತ್ತು ಪರವಾನಗಿ ಸಂಖ್ಯೆಯನ್ನು ಸರಕು ಇಳಿಸಿಕೊಳ್ಳುವಾಗಲೇ ಪರಿಶೀಲಿಸುವುದು ಸಣ್ಣ ಅಂಗಡಿಕಾರರಿಗೂ ಅನಿವಾರ್ಯ.

ತೆರಿಗೆಯ ವಿಚಾರದಲ್ಲಿಯೂ ಎಚ್ಚರ ಬೇಕು. 2025ರ ಸೆಪ್ಟೆಂಬರ್ 22ರಿಂದ ವಿದ್ಯುನ್ಮಾನವಲ್ಲದ ಆಟಿಕೆಗಳ ಜಿಎಸ್‌ಟಿ ದರ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ವಿದ್ಯುನ್ಮಾನ ಆಟಿಕೆಗಳು ಆ ಇಳಿಕೆಯಲ್ಲಿ ಸೇರಿಲ್ಲ. ಮೋಟಾರು ಸಹಿತವಾದ ಕಿಟ್ ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ಲೆಕ್ಕಪರಿಶೋಧಕರಲ್ಲಿ ಖಚಿತಪಡಿಸಿಕೊಂಡೇ ಬಿಲ್ ಬರೆಯತಕ್ಕದ್ದು.

ಆಟಿಕೆಗಳ ಆಮದು ಸುಂಕವು 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿತು. 2018-19ರಲ್ಲಿ ಸುಮಾರು 37 ಕೋಟಿ ಡಾಲರ್‌ಗಳಷ್ಟಿದ್ದ ದೇಶದ ಆಟಿಕೆ ಆಮದು 2021-22ರಲ್ಲಿ ಸುಮಾರು 11 ಕೋಟಿ ಡಾಲರ್‌ಗಳಿಗೆ ಇಳಿಯಿತು. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 2021ರ ಜನವರಿಯಲ್ಲಿ ಆಟಿಕೆ ತಯಾರಿಕಾ ಕ್ಲಸ್ಟರ್‌ಗೆ ಶಂಕುಸ್ಥಾಪನೆಯಾಯಿತು. ದೇಶೀಯ ಸರಕು ಹತ್ತಿರವಾದಷ್ಟೂ ಬಿಡಿಭಾಗ ತರಿಸುವ ದಾರಿಯೂ ಸುಗಮವಾಗಬೇಕು.

ಎರಡನೆಯ ಸಂಜೆಯ ವ್ಯಾಪಾರ

ಪೆಟ್ಟಿಗೆಯ ಬೆಲೆಯಲ್ಲಿ ಅಂತರ್ಜಾಲದ ಮಾರಾಟಗಾರರೊಂದಿಗೆ ಪೈಪೋಟಿ ನಡೆಸುವುದು ಸಣ್ಣ ಪೇಟೆಯ ಅಂಗಡಿಗೆ ಸುಲಭವಲ್ಲ. ಆದರೆ ಕಳೆದುಹೋದ ಒಂದು ನಟ್ಟನ್ನು ಅಂದೇ ಸಂಜೆ ಕೊಡುವುದು ಅವರಿಂದ ಸಾಧ್ಯವಾಗದ ಮಾತು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ದೂರ. ಒಂದು ಹಲ್ಲುಚಕ್ರಕ್ಕಾಗಿ ಯಾರೂ ಅಷ್ಟು ದೂರ ಹೋಗುವುದಿಲ್ಲ. ಕಿಟ್ ಮೂಲೆಗೆ ಬೀಳುತ್ತದೆ, ಮತ್ತೊಂದನ್ನು ಕೊಳ್ಳುವ ಉತ್ಸಾಹವೂ ಉಡುಗುತ್ತದೆ.

ಆದ್ದರಿಂದ ಕಿಟ್ ಮಾರುವ ಅಂಗಡಿಯಲ್ಲಿ ಸ್ಕ್ರೂ, ನಟ್ಟು, ಮೋಟಾರು, ಸೆಲ್ ಗೂಡು, ತಂತಿಗಳ ಒಂದು ಸಣ್ಣ ಡಬ್ಬಿ ಇದ್ದರೆ ವ್ಯಾಪಾರದ ಸ್ವರೂಪವೇ ಬದಲಾದೀತು. ಅನೇಕ ಕಿಟ್‌ಗಳ ಸೂಚನಾ ಪುಸ್ತಿಕೆ ಇಂಗ್ಲಿಷಿನಲ್ಲಿರುತ್ತದೆ. ಭಾಗಗಳ ಹೆಸರು ಮತ್ತು ಮೊದಲ ಹತ್ತು ಹೆಜ್ಜೆಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಮುದ್ರಿಸಿ ಕೊಟ್ಟರೆ ಹಳ್ಳಿಯ ಅಜ್ಜನೂ ಮೊಮ್ಮಗನೊಂದಿಗೆ ಕೂರಬಲ್ಲನು. ಮೂರೂ ಪೇಟೆಗಳಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಕುಶಲಕರ್ಮಿಗಳಿದ್ದಾರೆ. ತಿಂಗಳಿಗೊಂದು ಭಾನುವಾರ ಅಂಥವರೊಬ್ಬರನ್ನು ಅಂಗಡಿಗೆ ಕರೆಸಿ, ಮಕ್ಕಳು ತಂದ ಕೆಟ್ಟ ಕಿಟ್‌ಗಳನ್ನು ಮಕ್ಕಳ ಕೈಯಿಂದಲೇ ಬಿಚ್ಚಿಸಿ ನೋಡುವ ಏರ್ಪಾಡು ಮಾಡಿದರೆ ಖರ್ಚು ಅಲ್ಪ, ಪ್ರತಿಫಲ ಅಧಿಕ.

ಶಾಲೆಗಳ ಬೇಡಿಕೆಯನ್ನೂ ಗಮನಿಸಬೇಕು. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಲ್ಲಿ ಆರಂಭವಾಗಿ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗಿನ ನೆರವಿನಿಂದ 6ರಿಂದ 12ನೇ ತರಗತಿಯ ಮಕ್ಕಳಿಗೆ ಇಂಥ ಸಲಕರಣೆಗಳನ್ನು ಒದಗಿಸಿತು. ಮುಂದಿನ ಐದು ವರ್ಷಗಳಲ್ಲಿ ಸರಕಾರಿ ಶಾಲೆಗಳಲ್ಲಿ 50,000 ಲ್ಯಾಬ್‌ಗಳನ್ನು ತೆರೆಯುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಲಾಯಿತು. ಪ್ರಯೋಗಾಲಯದಲ್ಲಿಯೂ ಮೊದಲು ಮುಗಿಯುವುದು ಸಣ್ಣ ಭಾಗಗಳೇ.

ತೋಟದ ನಾಳೆಗಾಗಿ

ಅಡಿಕೆ ಕೊನೆ ಇಳಿಸುವ ಕೊನೆಗೌಡರು, ಕೊಳೆ ಔಷಧಿ ಹೊಡೆಯುವವರು ಸಿಗದೆ ಬೆಳೆಗಾರರು ಪರದಾಡುತ್ತಿರುವುದು ಎಲ್ಲರೂ ಬಲ್ಲ ವಿಷಯ. ಅಡಿಕೆ ಸುಲಿಯುವ ಯಂತ್ರ, ಕಾರ್ಬನ್ ಫೈಬರ್ ದೋಟಿ, ಮರ ಏರುವ ಯಂತ್ರಗಳು ತೋಟಕ್ಕೆ ಬಂದಿವೆ. ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಕೃಷಿಕರೊಬ್ಬರು ರೂಪಿಸಿದ ಮರ ಏರುವ ಯಂತ್ರವು 2019ರಲ್ಲಿ ದೇಶದ ಗಮನ ಸೆಳೆಯಿತು. ಯಂತ್ರ ಕೊಳ್ಳಲು ಸಾಲವಾದರೂ ದೊರಕೀತು. ಸುಗ್ಗಿಯ ನಡುವೆ ಅದು ನಿಂತಾಗ ಬಿಚ್ಚಿ ನೋಡುವ ಕೈ ಊರಿನಲ್ಲಿಲ್ಲದಿದ್ದರೆ ಅಂಗಳದ ಅಡಿಕೆ ಅಂಗಳದಲ್ಲೇ ಉಳಿಯುತ್ತದೆ.

ಕಿಟ್ ಜೋಡಿಸಿದ ಮಕ್ಕಳೆಲ್ಲ ಎಂಜಿನಿಯರುಗಳಾಗುತ್ತಾರೆಂದು ಯಾರೂ ಭರವಸೆ ನೀಡಲಾರರು. ಅನೇಕರು ಓದಿ ಬೆಂಗಳೂರು ಸೇರಲೂಬಹುದು. ಆದರೆ ನಿಂತ ಯಂತ್ರದ ಮುಂದೆ ಹೆದರದೆ ಕುಳಿತು, ತಂತಿ ಯಾವುದು, ಹಲ್ಲು ಯಾವುದು ಎಂದು ಒಂದೊಂದಾಗಿ ನೋಡುವ ಅಭ್ಯಾಸ ಹತ್ತನೆಯ ವಯಸ್ಸಿನಲ್ಲಿ ಕೈಗೆ ಹತ್ತಿದರೆ ಅದು ಬಿಟ್ಟುಹೋಗುವುದಿಲ್ಲ. ಈ ಅಭ್ಯಾಸ ಬೆಳೆಯಲು ಬೇಕಾದುದು ಮನೆಯಲ್ಲಿ ಸಂಜೆಯ ಒಂದು ಗಂಟೆ ಮತ್ತು ಪೇಟೆಯಲ್ಲಿ ಒಂದು ನಟ್ಟು. ಮೊದಲನೆಯದನ್ನು ಪಾಲಕರು ಒದಗಿಸಲಿ. ಎರಡನೆಯದನ್ನು ಒದಗಿಸುವುದು ವರ್ತಕ ಬಾಂಧವರಿಗೆ ಅಸಾಧ್ಯವೇನಲ್ಲ.