ಬುಕ್‌ಚೊನ್: ಮನೆಯನ್ನೂ ನುಡಿಯನ್ನೂ ಉಳಿಸಿದ ಊರು

ಪುರಾತನ ಊರನ್ನು ಕಾಣಹೋದವರು ಸಾಮಾನ್ಯವಾಗಿ ಅಲ್ಲಿಯ ಗೋಡೆ, ಮಾಡು, ಬಾಗಿಲುಗಳನ್ನು ನೋಡಿ ತೃಪ್ತರಾಗುತ್ತಾರೆ. ಆ ಗೋಡೆಗಳ ಹಿಂದಿರುವ ಮನುಷ್ಯರ ಬಾಳನ್ನು ಅರಿತಾಗಲೇ ನೋಟವು ಸಾರ್ಥಕವಾಗುತ್ತದೆ. ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್ ನಗರದಲ್ಲಿರುವ ಬುಕ್‌ಚೊನ್ ಇದಕ್ಕೆ ಉತ್ತಮ ನಿದರ್ಶನ. ಉದ್ಯೋಗ, ವಿದ್ಯಾಭ್ಯಾಸಗಳ ನಿಮಿತ್ತ ನಮ್ಮ ಮನೆಗಳ ಮಕ್ಕಳು ಆ ನಗರಕ್ಕೆ ಹೋಗಿಬರುವುದುಂಟು. ಅವರಿಗೊಂದು ದಿನ ಬಿಡುವು ದೊರೆತರೆ ಅವಶ್ಯವಾಗಿ ನೋಡತಕ್ಕ ಸ್ಥಳವಿದು.

ಬುಕ್‌ಚೊನ್ ಎಂದರೆ ಉತ್ತರದ ಊರು ಎಂದರ್ಥ. 1394ರಲ್ಲಿ ಜೊಸೊನ್ ಅರಸರು ರಾಜಧಾನಿಯನ್ನು ಇಲ್ಲಿಗೆ ತಂದ ಬಳಿಕ, ಗ್ಯೊಂಗ್‌ಬೊಕ್ ಮತ್ತು ಚಾಂಗ್‌ದೊಕ್ ಎಂಬ ಎರಡು ಅರಮನೆಗಳ ನಡುವಣ ಈ ಇಳಿಜಾರು ಕುಲೀನರ ನೆಲೆಯಾಯಿತು. ಬೆಟ್ಟವು ಬೆನ್ನಿಗಿದ್ದು ನೆಲವು ದಕ್ಷಿಣಕ್ಕೆ ಇಳಿಯುವುದರಿಂದ ಚಳಿಗಾಲದಲ್ಲಿ ಬಿಸಿಲು ದೊರೆಯುತ್ತದೆ; ಮಳೆನೀರು ನಿಲ್ಲದೆ ಹರಿದುಹೋಗುತ್ತದೆ.

ಆದರೆ ಇಂದು ಗಾಹ್ವೆದೊಂಗ್ ಬೀದಿಯಲ್ಲಿ ಸಾಲಾಗಿ ಕಾಣುವ ಹೆಂಚಿನ ಮನೆಗಳು ಅರಸರ ಕಾಲದವಲ್ಲ. ಅವುಗಳಲ್ಲಿ ಬಹುಪಾಲು 1930ರ ದಶಕದವು. ಅದು ಜಪಾನೀಯರ ಆಳ್ವಿಕೆಯ ಕಾಲ. ನಗರದಲ್ಲಿ ಜನರು ಹೆಚ್ಚಿ ವಸತಿಗೆ ಅಭಾವ ಉಂಟಾಗಿತ್ತು. ಆಗ ಜೊಂಗ್ ಸೆಗ್ವೊನ್ (1888-1965) ಎಂಬ ಗೃಹನಿರ್ಮಾಪಕರು ವಿಶಾಲವಾದ ಹಳೆಯ ನಿವೇಶನಗಳನ್ನು ಕೊಂಡು, ಚಿಕ್ಕ ಚಿಕ್ಕ ಭಾಗಗಳಾಗಿ ವಿಂಗಡಿಸಿ, ಸಾಧಾರಣ ಕೊರಿಯನ್ನರು ಕೊಳ್ಳಬಹುದಾದ ಸಾಂಪ್ರದಾಯಿಕ ಮನೆಗಳನ್ನು ಕಟ್ಟಿಸಿದರು. ಇಂತಹ ಮನೆಗೆ ಹಾನೊಕ್ ಎಂದು ಹೆಸರು. ಮರದ ಕಂಬ, ಕಪ್ಪು ಹೆಂಚು, ನಡುವೆ ಅಂಗಳ, ನೆಲದಡಿ ಬೆಂಕಿಯ ಬಿಸುಪನ್ನು ಹರಿಯಿಸುವ ಒಂದೊಲ್ ಎಂಬ ಏರ್ಪಾಡು, ಇವು ಅದರ ಲಕ್ಷಣಗಳು. ಅವರು ಪ್ರಾಚೀನ ರೂಪವನ್ನು ಬಿಡದೆ ಗಾಜಿನ ಬಾಗಿಲು, ತಗಡಿನ ದೋಣಿಗಳಂತಹ ಹೊಸ ಅನುಕೂಲಗಳನ್ನೂ ಸೇರಿಸಿದರು.

ಮನೆ ಕಟ್ಟಿದ ಈ ಮಹನೀಯರು ನುಡಿಯ ರಕ್ಷಣೆಗೂ ನೆರವಾದರು. ಕೊರಿಯನ್ ಭಾಷೆಯ ನಿಘಂಟನ್ನು ಸಿದ್ಧಪಡಿಸುತ್ತಿದ್ದ ಜೊಸೊನ್ ಭಾಷಾ ಸಂಘಕ್ಕೆ 1935ರಲ್ಲಿ ಬುಕ್‌ಚೊನ್‌ನ ಹ್ವಾದೊಂಗ್‌ನಲ್ಲಿ ಕಟ್ಟಡವೊಂದನ್ನು ದಾನವಿತ್ತರು. 1942ರಲ್ಲಿ ಜಪಾನೀ ಆಡಳಿತವು ಸಂಘದ ವಿದ್ವಾಂಸರನ್ನು ಬಂಧಿಸಿತು. ಲೀ ಯುನ್‌ಜೆ ಮತ್ತು ಹಾನ್ ಜಿಂಗ್ ಎಂಬ ಇಬ್ಬರು ಸೆರೆಯಲ್ಲೇ ಪ್ರಾಣಬಿಟ್ಟರು. ಜೊಂಗ್ ಅವರೂ ಚಿತ್ರಹಿಂಸೆಗೆ ಗುರಿಯಾದರು, ಆಸ್ತಿಯನ್ನು ಕಳೆದುಕೊಂಡರು. ವಶಪಡಿಸಿಕೊಳ್ಳಲಾಗಿದ್ದ ನಿಘಂಟಿನ ಹಸ್ತಪ್ರತಿ 1945ರ ಸೆಪ್ಟೆಂಬರಿನಲ್ಲಿ, ಬಿಡುಗಡೆಯ ನಂತರ, ಸಿಯೋಲ್ ರೈಲು ನಿಲ್ದಾಣದ ಉಗ್ರಾಣದಲ್ಲಿ ದೊರಕಿತು. 1947ರಿಂದ 1957ರವರೆಗೆ ಆರು ಸಂಪುಟಗಳಲ್ಲಿ ಆ ನಿಘಂಟು ಪ್ರಕಟವಾಯಿತು.

ಇಂತಹ ಊರಿಗೆ ಈಗ ಒದಗಿರುವ ಸಂಕಟವು ಹಗೆಗಳಿಂದ ಬಂದುದಲ್ಲ, ಅತಿಥಿಗಳಿಂದ ಬಂದುದು. ಇದು ವಸ್ತುಸಂಗ್ರಹಾಲಯವಲ್ಲ; ಜನರು ಅಡುಗೆ ಮಾಡಿ, ಮಕ್ಕಳನ್ನು ಬೆಳೆಸಿ, ವೃದ್ಧರನ್ನು ಸಾಕುವ ಕೇರಿ. ಬಾಗಿಲ ಮುಂದೆ ಗದ್ದಲ, ಕಿಟಕಿಯಲ್ಲಿ ಇಣುಕುವಿಕೆ, ಮೂಲೆಯಲ್ಲಿ ಕಸ, ಇವುಗಳಿಂದ ಬೇಸತ್ತು ಅನೇಕರು ಊರನ್ನೇ ತೊರೆದರು. ಆದಕಾರಣ ಸ್ಥಳೀಯ ಆಡಳಿತವು 2024ರಲ್ಲಿ ಇದನ್ನು ವಿಶೇಷ ನಿರ್ವಹಣಾ ವಲಯವೆಂದು ಘೋಷಿಸಿತು. ಅತ್ಯಂತ ಜನದಟ್ಟಣೆಯ ಬೀದಿಗಳಿಗೆ ಪ್ರವಾಸಿಗರು ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಬರಬಹುದೆಂದು ನಿಯಮ ಮಾಡಿತು. 2025ರ ಮಾರ್ಚಿನಿಂದ ಇದನ್ನು ಮೀರಿದವರಿಗೆ 1,00,000 ವೊನ್ ದಂಡವಿದೆ.

ಆನ್‌ಗುಕ್ ಮೆಟ್ರೊ ನಿಲ್ದಾಣದಲ್ಲಿಳಿದು ಕಾಲ್ನಡಿಗೆಯಿಂದಲೇ ಏರುವುದು ಲೇಸು. ಮನೆಯ ಒಳಾಂಗಣವನ್ನು ಕಾಣಬಯಸುವವರಿಗೆ 1913ರಲ್ಲಿ ಕಟ್ಟಿದ, 2015ರಿಂದ ಸಾರ್ವಜನಿಕರಿಗೆ ತೆರೆದಿರುವ ಬೇಕ್ ಇನ್‌ಜೆ ಗೃಹವಿದೆ. ಸೋಮವಾರ ಅದಕ್ಕೆ ರಜೆ. ಹೀಗಿರಲು ಪರರ ಹೊಸ್ತಿಲನ್ನು ಇಣುಕುವ ಅಗತ್ಯವೇ ಇಲ್ಲ.

ಒಬ್ಬರು ಕಷ್ಟಪಟ್ಟು ಕಟ್ಟಿ ಉಳಿಸಿದ ಮನೆಯು ನೋಡುವವರ ಅವಿವೇಕದಿಂದ ಬರಿದಾಗುವುದೆಂದರೆ ಅದಕ್ಕಿಂತ ಖೇದಕರವಾದುದಿಲ್ಲ. ಆದ್ದರಿಂದ ಹಿರಿಯರು ಮಕ್ಕಳನ್ನು ದೂರದೇಶಕ್ಕೆ ಕಳುಹಿಸುವಾಗ ಬಟ್ಟೆಬರೆಯೊಂದಿಗೆ ಈ ಮಾತನ್ನೂ ಕಟ್ಟಿಕೊಡಲಿ: ಪರರ ಊರಿನಲ್ಲಿ ಮೆಲ್ಲನೆ ನಡೆಯಬೇಕು, ಮೆಲ್ಲನೆ ನುಡಿಯಬೇಕು, ಹೊತ್ತಿಗೆ ಸರಿಯಾಗಿ ಹೊರಡಬೇಕು.