ತಾತ ತೀರಿಕೊಂಡು ಇಪ್ಪತ್ತು ವರ್ಷ, ಪಹಣಿಯಲ್ಲಿ ಇನ್ನೂ ತಾತನ ಹೆಸರು: ಜಮೀನಿನ ಮೂಲ ಹುಡುಕೋದು ಹೇಗೆ?

‘ಈ ಹೊಲ ಯಾರದ್ದು?’ ಅಂತ ಕೇಳಿದರೆ ಹಳ್ಳಿ ಕಡೆ ಬರುವ ಉತ್ತರ ‘ನಮ್ಮ ತಾತನ ಕಾಲದ್ದು’. ಪಹಣಿ ತೆಗೆಸಿದರೆ ಅಲ್ಲೂ ತಾತನ ಹೆಸರೇ. ತಾತ ತೀರಿಕೊಂಡು ಇಪ್ಪತ್ತು ವರ್ಷ ಆಗಿರುತ್ತೆ, ಅಪ್ಪನೂ ಹೋಗಿರುತ್ತಾರೆ. ಉಳುಮೆ ಮಾಡ್ತಿರೋ ಮೊಮ್ಮಗ ಬೆಳೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಕೇಳುವುದು ಅವನ ಹೆಸರಿನ ಪಹಣಿ. ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿಗೂ ಅದೇ ತೊಡಕು, ಬೆಳೆ ಪರಿಹಾರಕ್ಕೂ ಅದೇ ತೊಡಕು.

ಹೆಸರು ಬದಲಾಯಿಸಲು ಹೋದಾಗಲೇ ನಿಜವಾದ ಪ್ರಶ್ನೆ ಏಳುತ್ತದೆ. ತಾತನಿಗೆ ಎಷ್ಟು ಜನ ಮಕ್ಕಳು? ಜಮೀನು ಅವರ ಕೈಗೆ ಬಂದದ್ದು ಹೇಗೆ? ಇದಕ್ಕೆ ಉತ್ತರ ಎರಡು ಕಡೆ ಸಿಗುತ್ತದೆ: ಒಂದು ಹಿರಿಯರ ಬಾಯಲ್ಲಿ, ಇನ್ನೊಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ.

ಮನೆದೇವರು ಮತ್ತು ಹೆಳವರು

ಮನೆದೇವರು ಬೇರೆ ಊರಿನಲ್ಲಿದ್ದರೆ, ಕುಟುಂಬ ಒಂದು ಕಾಲಕ್ಕೆ ಆ ಕಡೆಯಿಂದ ಬಂದಿರಬಹುದು ಅನ್ನೋದಕ್ಕೆ ಅದೊಂದು ಸುಳಿವು. ಬರ, ಪ್ಲೇಗು, ದಾಯಾದಿ ಜಗಳ ಹೀಗೆ ನಾನಾ ಕಾರಣಕ್ಕೆ ಜನ ಊರು ಬಿಟ್ಟಿದ್ದಾರೆ. ಕಂದಾಯ ದಾಖಲೆಯಲ್ಲಿ ಕೆಲವು ಜಮೀನು ‘ಬೇಚರಾಕ್’ ಗ್ರಾಮದ ಹೆಸರಿನಲ್ಲಿರುವುದುಂಟು. ಬೇಚರಾಕ್ ಅಂದರೆ ಜನವಸತಿ ಇಲ್ಲದ ಊರು. ಮನೆಗಳು ಹೋದರೂ ಸರ್ವೆ ನಂಬರ್ ಉಳಿದಿರುತ್ತದೆ.

ವಂಶ ಹೇಳುವುದನ್ನೇ ಕಸುಬು ಮಾಡಿಕೊಂಡವರು ಹೆಳವರು. ಎತ್ತಿನೊಂದಿಗೆ ಕೆಲವು ವರ್ಷಗಳಿಗೊಮ್ಮೆ ಮನೆಬಾಗಿಲಿಗೆ ಬಂದು, ಮೂಲ ಊರು ಯಾವುದು, ಯಾರ ಮಗ ಯಾರು, ಯಾವ ಕವಲು ಎಲ್ಲಿಗೆ ಹೋಯಿತು ಅಂತ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ದವಸ, ದುಡ್ಡು ಪಡೆದು ಹೋಗುತ್ತಿದ್ದರು. ಅವರ ಮಾತು ಕಚೇರಿಯಲ್ಲಿ ದಾಖಲೆ ಆಗುವುದಿಲ್ಲ. ಆದರೆ ಮುತ್ತಾತನ ಹೆಸರೇ ಗೊತ್ತಿಲ್ಲದಿದ್ದರೆ ಕಡತ ಹುಡುಕುವುದು ಎಲ್ಲಿಂದ? ಹೆಳವರು ಬಂದರೆ ಬರೆದಿಟ್ಟುಕೊಳ್ಳಿ.

ಪಹಣಿಯಿಂದ ಹಿಂದಕ್ಕೆ

ದಾಖಲೆ ಹುಡುಕುವಾಗ ಇವತ್ತಿನಿಂದ ಹಿಂದಕ್ಕೆ ಹೋಗಬೇಕು. ಪಹಣಿಯ 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ರಲ್ಲಿ ಹಕ್ಕು ಹೇಗೆ ಬಂತು ಅನ್ನೋದು, 11ರಲ್ಲಿ ಸಾಲ, ಋಣದ ವಿವರ ಇರುತ್ತದೆ. 10ನೇ ಕಾಲಂನ ಎಂಆರ್ ನಂಬರ್, ಅಂದರೆ ಮ್ಯುಟೇಶನ್ ನಂಬರ್, ಇಡೀ ಹುಡುಕಾಟದ ಬೀಗದ ಕೈ. ಆ ಎಂಆರ್ ನಕಲು ತೆಗೆಸಿದರೆ ಹಿಂದಿನ ಖಾತೆದಾರರು ಯಾರು, ಖಾತೆ ಬದಲಾದದ್ದು ಪೌತಿಯಿಂದಲೋ, ಪಾಲಿನಿಂದಲೋ, ಕ್ರಯದಿಂದಲೋ ಗೊತ್ತಾಗುತ್ತದೆ.

‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದದ್ದು 2000ದ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನದಕ್ಕೆ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್ ಪುಸ್ತಕ ನೋಡಬೇಕು. ಹದ್ದುಬಸ್ತು, ವಿಸ್ತೀರ್ಣಕ್ಕೆ ಸರ್ವೆ ಇಲಾಖೆಯ ಆಕಾರ್‌ಬಂದ್ ಮತ್ತು ಟಿಪ್ಪಣಿ. ಪಹಣಿಯಲ್ಲಿ 2 ಎಕರೆ 10 ಗುಂಟೆ, ಆಕಾರ್‌ಬಂದ್‌ನಲ್ಲಿ 2 ಎಕರೆ ಅಂತ ವ್ಯತ್ಯಾಸ ಬಂದರೆ, ಮಾರುವಾಗ, ಪಾಲು ಮಾಡುವಾಗ ಕೆಲಸ ನಿಲ್ಲುತ್ತದೆ. ಕ್ರಯ, ಅಡಮಾನಗಳಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ ಅಂದರೆ ಇಸಿ ತೆಗೆಸಬೇಕು.

ಜಮೀನು ಬಂದ ದಾರಿ

‘ತಾತನ ಜಮೀನು’ ಅನ್ನೋದೆಲ್ಲ ಒಂದೇ ಥರದ್ದಲ್ಲ. ಪಾಲಿನಲ್ಲಿ ಬಂದದ್ದು ಬೇರೆ, ಕ್ರಯಕ್ಕೆ ಕೊಂಡದ್ದು ಬೇರೆ. ಇನ್ನೊಂದು ದಾರಿ ಗೇಣಿ. ದೇವರಾಜ ಅರಸು ಸರ್ಕಾರದ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಫಾರಂ 7 ಹಾಕಿ, ಭೂ ನ್ಯಾಯಮಂಡಳಿಯಲ್ಲಿ ಗೆದ್ದು ಫಾರಂ 10 ಪಡೆದರು. ಎಷ್ಟೋ ಕಡೆ ಉತ್ತದ್ದು ಇಡೀ ಮನೆ, ಅರ್ಜಿ ಹಾಕಿದ್ದು ಹಿರಿಯಣ್ಣ ಒಬ್ಬರೇ. ಈಗಿನ ದಾಯಾದಿ ಜಗಳಕ್ಕೆ ಇದೂ ಒಂದು ಕಾರಣ. ಅಂಥ ಜಮೀನಾದರೆ ಪಹಣಿ ಮಾತ್ರ ನೋಡಿದರೆ ಸಾಲದು, ನ್ಯಾಯಮಂಡಳಿಯ ಆದೇಶದ ನಕಲೂ ಬೇಕು.

ತೋಟಿ, ತಳವಾರ, ನೀರಗಂಟಿ, ಪಟೇಲ, ಶಾನುಭೋಗರ ಇನಾಂ ಜಮೀನಿನದು ಇನ್ನೊಂದು ಕಥೆ. ಊರ ಕೆಲಸಕ್ಕೆ ಸಂಬಳದ ಬದಲು ಕೊಟ್ಟ ಭೂಮಿ ಅದು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ ಅಂಥವು ರೀಗ್ರಾಂಟ್ ಆಗಬೇಕಿತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು ಹಳ್ಳಿ ಕಡೆ ತುಂಡು ಜಮೀನು ಕೊಳ್ಳೋರು ಮೂಲ ಮಂಜೂರಾತಿ ನೋಡದೆ ಅಡ್ವಾನ್ಸ್ ಕೊಟ್ಟರೆ ಕೈಸುಟ್ಟುಕೊಳ್ಳಬೇಕಾಗುತ್ತದೆ.

ಹೆಣ್ಣುಮಕ್ಕಳನ್ನು ಬಿಟ್ಟರೆ

ವಂಶವೃಕ್ಷ ಬರೆಸುವಾಗ ‘ಅಕ್ಕಂದಿರಿಗೆ ಮದುವೆ ಆಯ್ತಲ್ಲ’ ಅಂತ ಹೆಸರು ಬಿಡುವುದು ಈಗಲೂ ನಡೆಯುತ್ತಿದೆ. ಇದು ದೊಡ್ಡ ತಪ್ಪು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರ ತಿದ್ದುಪಡಿ ಹೇಳಿದೆ. 2005ರಲ್ಲಿ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಕಾನೂನು ಪ್ರಕಾರ ಮುಗಿದ ಪಾಲು, ಮಾರಾಟಗಳಿಗೆ ಇದು ತಟ್ಟುವುದಿಲ್ಲ. ಹೆಸರು ಮುಚ್ಚಿಟ್ಟು ಮಾಡಿಸಿದ ಖಾತೆ ಮುಂದೊಂದು ದಿನ ಕೋರ್ಟು ಹತ್ತುತ್ತದೆ. ಕೊಂಡವನೂ ಜೊತೆಗೆ ಅಲೆಯುತ್ತಾನೆ.

ಪೌತಿ ಖಾತೆ ಅಂದರೆ ಪಾಲಲ್ಲ

ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ವಾರಸುದಾರರ ಆಧಾರ್ ಮತ್ತು ಪಹಣಿ ಇಟ್ಟುಕೊಂಡು ಪೌತಿ ಖಾತೆಗೆ ಅರ್ಜಿ ಹಾಕಬಹುದು. ತಕರಾರಿಗೆ ಅವಕಾಶ ಕೊಟ್ಟು, ಯಾರೂ ಆಕ್ಷೇಪಿಸದಿದ್ದರೆ ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಬರುತ್ತದೆ. ‘ನನ್ನ ಹೆಸರು ಬಂದರೆ ಪಾಲು ಹೋಗುತ್ತೆ’ ಅನ್ನೋ ಭಯ ಬೇಡ. ಪೌತಿ ಖಾತೆಯಿಂದ ಯಾರ ಪಾಲೂ ಹೆಚ್ಚಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಆಮೇಲೆ ಒಪ್ಪಿಗೆಯಿಂದ ವಿಭಾಗ ಪತ್ರ ನೋಂದಣಿ ಮಾಡಿಸಿ, ಪೋಡಿ ಮಾಡಿಸಿಕೊಂಡರೆ ಅವರವರ ಪಹಣಿ ಅವರವರಿಗೆ.

ತಾತನ ಮರಣವನ್ನೇ ನೋಂದಾಯಿಸದ ಮನೆಗಳೂ ಇವೆ. ಒಂದು ವರ್ಷ ದಾಟಿದ್ದರೆ ಅದಕ್ಕೆ ಬೇರೆ ಆದೇಶ ತರಬೇಕು. ಆಗ ಸಾಕ್ಷಿ ಹೇಳಲು ಮನೆಯ ಹಿರಿಯರೇ ಬೇಕು. ತಡ ಮಾಡಿದಷ್ಟೂ ವಾರಸುದಾರರ ಸಂಖ್ಯೆ ಬೆಳೆಯುತ್ತದೆ, ಗೊತ್ತಿದ್ದವರ ಸಂಖ್ಯೆ ಕರಗುತ್ತದೆ. ಇವತ್ತು ಐದು ಜನರ ಸಹಿಯಿಂದ ಆಗುವ ಕೆಲಸಕ್ಕೆ ಇನ್ನೊಂದು ತಲೆಮಾರು ಕಳೆದರೆ ಇಪ್ಪತ್ತೈದು ಜನರನ್ನು ಹುಡುಕಬೇಕು. ಮನೆಯಲ್ಲಿ ಅಜ್ಜಿ ಇದ್ದರೆ ಮೊದಲು ಅವರ ಹತ್ತಿರ ಕೂತು ಹೆಸರು ಬರೆದುಕೊಳ್ಳಿ. ಕಚೇರಿಗೆ ಆಮೇಲೆ ಹೋಗಬಹುದು.